ಸುಮ್ಮನಿರಲಾರದೆ ಬಿಟ್ಟುಕೊಂಡ ಇರುವೆ

ಜೂನ್ 9

ಟೇಪಮ್ಮನಿಗೆ,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಅಂಗಡಿಯಲ್ಲಿ ಕೂತು ಏನೋ ದೊಡ್ಡ ಬಟ್ಟೆ ಹೊಲಿಯುತ್ತಿದ್ದೆ. ಹೊಲಿದಷ್ಟೂ ಮುಗಿಯುತ್ತಿಲ್ಲ. ನೋಡಿದರೆ ಅದು ಬಟ್ಟೆಯಲ್ಲ, ನೀನು ಅಳತೆ ಟೇಪು ಹಿಡಿದು ರಿಪೇರಿ ಮಾಡಿಸುತ್ತಿರುವ ನಿಮ್ಮ ಶಾಲೆ. ಕಿಟಕಿ, ಗೋಡೆ, ಮೆಟ್ಟಿಲು ಎಲ್ಲವೂ ಮಡಚಿಕೊಂಡು ಸೂಜಿಯ ಕೆಳಗೆ ಬರುತ್ತಿವೆ. ಕೊನೆಯ ಅಂಚನ್ನೂ ಹೊಲಿದು ದಾರ ಕಚ್ಚಿ ಹರಿದೆ ನೋಡು, ಒಳಗಿನಿಂದ ನಮ್ಮ ಬುಗುರಿ "ಅಮ್ಮಾ" ಅಂದಳು. ಹೊಲಿಗೆ ಬಿಚ್ಚೋಣವೆಂದರೆ ಕತ್ತರಿಯೇ ಸಿಗಲಿಲ್ಲ. ಎದ್ದವಳೇ ನಿನ್ನ ಅಣ್ಣನಿಗೆ ಹೇಳಿದೆ. "ನಿಂಗೆ ಕನಸಲ್ಲೂ ಕೆಲಸ ತಪ್ಪಲ್ವಲ್ಲೇ, ಕೂಲಿ ಆದ್ರೂ ಕೇಳ್ಬೇಕಿತ್ತು" ಅಂದು ಬಸ್ಸು ಹತ್ತಿ ಡ್ಯೂಟಿಗೆ ಹೋದರು.

"ಫೋನು ಮಾಡಿ ಅತ್ತಿಗೆ" ಅನ್ನುತ್ತೀಯ. ಫೋನಿನಲ್ಲಿ ಹೇಳಬೇಕಾದ್ದರಲ್ಲಿ ಅರ್ಧ ನನಗೆ ಮರೆತುಹೋಗುತ್ತದೆ. ಬುಗುರಿ ಅಂತೂ ಅದು ಬಡಿದುಕೊಳ್ಳುವುದು ಕೇಳಿದರೆ ಮಂಚದ ಕೆಳಗೆ ಸೇರುತ್ತಾಳೆ. ಅದಕ್ಕೇ ಕಾಗದ. ಏಳನೇ ತರಗತಿಯನ್ನೂ ಪೂರ್ತಿ ಮಾಡದವಳು ಬರೆಯುತ್ತಿದ್ದೇನೆ, ತಪ್ಪು ಹುಡುಕುತ್ತಾ ಕೂರಬೇಡ.

ಮಗುವನ್ನು ನಿನ್ನ ಮನೆಯಲ್ಲಿ ಬಿಟ್ಟು ಬಂದಾಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನೀನು ನೋಡಿಕೊಳ್ಳುವುದಿಲ್ಲ ಎಂದಲ್ಲ. ನಾನಾದರೂ ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತೇನೋ ಇಲ್ಲವೋ. ಆದರೆ ಮೊದಲ ಶಾಲೆಯವರು "ಈ ಮಗು ನಮ್ಮ ಕೈಲಾಗಲ್ಲ" ಅಂದರು. ಎರಡನೆಯವರು ಏನೂ ಅನ್ನಲಿಲ್ಲ, ವರ್ಷವಿಡೀ ವರಾಂಡದಲ್ಲಿ ಕೂರಿಸಿದರು. ಈಗ ಮೂರನೆಯದು ನಿಮ್ಮದು. ನಿಮ್ಮ ದೊಡ್ಡ ಟೀಚರ್ ಅರ್ಧವರ್ಷದ ರಜೆಯವರೆಗೆ ನೋಡೋಣ ಅಂದಿದ್ದಾರೆ. ಅಷ್ಟರೊಳಗೆ ತರಗತಿಯಲ್ಲಿ ಎಲ್ಲ ಮಕ್ಕಳ ಜೊತೆ ಕೂತರೆ ಸರಿ. ಕೂರದಿದ್ದರೆ ನಾಲ್ಕನೆಯ ಶಾಲೆ ಎಲ್ಲಿದೆ? ನನ್ನ ಮಿಷನ್ನಿನ ಕೆಳಗೆ ಚಿಂದಿ ಆರಿಸಿಕೊಂಡೇ ಬೆಳೆಯುತ್ತಾಳೆ.

ಮರೆಯಬೇಡ, ಹೊಸ ಅಂಗಿ ತೊಡಿಸಿದರೆ ಕುತ್ತಿಗೆಯ ಹಿಂದಿನ ಚೀಟಿ ಕತ್ತರಿಸು. ಹಿಂದಿನಿಂದ ಬಂದು ತಲೆ ಮುಟ್ಟಬೇಡಿ. ಸುತ್ತುವಾಗ ಯಾರೂ ಹಿಡಿದು ನಿಲ್ಲಿಸಬೇಡಿ, ತಾನೇ ನಿಲ್ಲುತ್ತಾಳೆ. ಬುಗುರಿ ತಾನೆ.

ಅವಳನ್ನು ಬಿಡಲು ಬಂದ ದಿನ ನಾನು ಶಾಲೆಯ ಗೇಟಿನ ಹೊರಗೇ ನಿಂತಿದ್ದೆನಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು.

ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡಿರುವ
ನಿನ್ನ ಅತ್ತಿಗೆ


ಜೂನ್ 18

ಅತ್ತಿಗೆ,

ಕನಸಿನಲ್ಲಿ ನೀವು ಹೊಲಿದು ಮುಚ್ಚಿದ ಶಾಲೆಯನ್ನು ನಾನು ಇಲ್ಲಿ ಹಗಲೆಲ್ಲ ಬಿಚ್ಚುತ್ತಿದ್ದೇನೆ. ಒಳಗಿನಿಂದ ನಿಮ್ಮ ಮಗಳು ಮಾತ್ರ ಅಲ್ಲ, ಇನ್ನೂ ಎಷ್ಟೋ ಮಕ್ಕಳು ಹೊರಗೆ ಬರುತ್ತಿದ್ದಾರೆ. ಹೆದರಬೇಡಿ.

ನಿಮಗೆ ಕಟ್ಟಡ ತೋರಿಸೋಣವೆಂದರೆ ನಿಮ್ಮ ಚಪ್ಪಲಿ ಕಿತ್ತುಹೋಗಿತ್ತು. ಆದ್ದರಿಂದ ಬರೆದು ತೋರಿಸುತ್ತೇನೆ. ಹಳೆಯ ಕಾಲದ ಎತ್ತರದ ಚಾವಣಿ. ಒಬ್ಬರು ಕೆಮ್ಮಿದರೆ ಊರೆಲ್ಲ ಕೆಮ್ಮಿದ ಹಾಗೆ ಕೇಳಿಸುತ್ತದೆ. ಬಾಗಿಲಿಗೆ ಬಂದರೆ ಮೆಟ್ಟಿಲು, ನೀರಿಗೆ ಹೋದರೆ ಮೆಟ್ಟಿಲು, ಶೌಚಾಲಯಕ್ಕೆ ಹೋದರೂ ಮೆಟ್ಟಿಲು. ಗಾಲಿಕುರ್ಚಿಯ ಹುಡುಗಿಯೊಬ್ಬಳಿದ್ದಾಳೆ. ಬಾಯಿ ಜೋರು. ಮೊದಲ ದಿನವೇ ನನ್ನನ್ನು ಕೇಳಿದಳು, "ಇಂಜಿನಿಯರ್ ಆಂಟಿ, ಈ ಶಾಲೇನ ಆಡುಗಳಿಗೆ ಕಟ್ಟಿದ್ರಾ?" ಅವಳಿಗಾಗಿ ಇಳಿಜಾರು ದಾರಿ ಮಾಡುತ್ತಿದ್ದೇವೆ. ಒಂದು ಸಲ ಕಡಿದಾಯಿತೆಂದು ಒಡೆಸಿ ಮತ್ತೆ ಹಾಕಿಸಿದೆ. ಮೇಸ್ತ್ರಿ ನನ್ನ ಮುಖ ನೋಡುವುದನ್ನು ಬಿಟ್ಟಿದ್ದಾನೆ.

ಗೋಡೆಯುದ್ದಕ್ಕೂ ಹಿಡಿದು ನಡೆಯಲು ಮರದ ಕೈಹಿಡಿ. ಪ್ರತಿ ಕೋಣೆಯ ಬಾಗಿಲು ಬಂದಾಗ ಅದರ ಕೆಳಗೆ ಕೈಗೆ ಒಂದು ಉಬ್ಬು ಸಿಗುತ್ತದೆ. ಕಣ್ಣು ಕಾಣದ ಮಕ್ಕಳು ಯಾರನ್ನೂ ಕೇಳದೆ ತಮ್ಮ ತರಗತಿಗೆ ಹೋಗುತ್ತಾರೆ. ಎದೆ ಒಡೆಯುವ ಹಾಗೆ ಬಡಿಯುತ್ತಿದ್ದ ಕಬ್ಬಿಣದ ಗಂಟೆಯನ್ನು ದೊಡ್ಡ ಟೀಚರ್ ತಾವೇ ಏಣಿ ಹತ್ತಿ ಇಳಿಸಿದರು. ಅವರ ವಯಸ್ಸಿಗೆ ಏಣಿ ಬೇಡ ಅಂದರೆ, "ಮೂವತ್ತು ವರ್ಷ ಹೊಡೆಸಿದ್ದು ನಾನು, ಇಳಿಸೋದೂ ನಾನೇ" ಅಂದರು. ಈಗ ಪಾಠ ಮುಗಿದರೆ ಒಂದು ದೀಪ ಮಿನುಗಿ, ಮರದ ತುಂಡು ತಟ್ಟಿದಂತೆ ಮೆಲ್ಲಗೆ ಸದ್ದಾಗುತ್ತದೆ.

ಚೀಲ ನೇತುಹಾಕುವ ಕೊಕ್ಕೆಗಳನ್ನು ನೀವು ನೋಡಬೇಕು. ಒಂದೊಂದರ ಮೇಲೂ ಬಡಗಿ ಒಂದೊಂದು ಆಕಾರ ಕೆತ್ತಿದ್ದಾನೆ. ಮೀನು, ಎಲೆ, ಬೀಗದ ಕೈ. ಓದಲು ಬಾರದವರೂ ಕಣ್ಣಿಲ್ಲದವರೂ ಮುಟ್ಟಿ ತಮ್ಮದನ್ನು ಗುರುತಿಸುತ್ತಾರೆ. ಬುಗುರಿಯ ಕೊಕ್ಕೆ ಮಾತ್ರ ಸದ್ಯಕ್ಕೆ ಬೋಳು. ರಜೆಯ ಆಚೆಗೂ ಉಳಿದರೆ ಕೆತ್ತೋಣ ಅಂದಿದ್ದಾನೆ.

ಇಳಿಜಾರಿನ ಕೆಲಸಕ್ಕೆಂದು ಮೊನ್ನೆ ಅವಳ ತರಗತಿಯ ಕಿಟಕಿಗಳಿಗೆ ಹಲಗೆ ಹೊಡೆದಿದ್ದೇವೆ. ಹಗಲಲ್ಲೂ ಟ್ಯೂಬ್‌ಲೈಟು. ಅದೊಂದು ಬಿಟ್ಟರೆ ಕೋಣೆ ಚೆನ್ನಾಗಿದೆ. ಮೊದಲ ವಾರ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಳು. ಎರಡು ದಿನದಿಂದ ಯಾಕೋ ಕಿವಿ ಮುಚ್ಚಿಕೊಂಡು "ಇರುವೆ, ಇರುವೆ" ಅಂತ ಹೊರಗೆ ಓಡುತ್ತಾಳೆ. ನೋಡಿಸುತ್ತೇನೆ.

ಸುಣ್ಣದ ಧೂಳಿನಲ್ಲಿ ಬೆಳ್ಳಗಾಗಿರುವ
ನಿಮ್ಮ ನಾದಿನಿ


ಜೂನ್ 26

ಟೇಪಮ್ಮ,

ಇರುವೆ ಎಂದರೆ ಕೆಂಪೋ ಕಪ್ಪೋ? ಅದನ್ನೇ ನೀನು ಬರೆಯಲಿಲ್ಲ. ಕೆಂಪಿರುವೆ ಕಚ್ಚಿದರೆ ಅವಳ ಮೈಯೆಲ್ಲ ದದ್ದು ಏಳುತ್ತದೆ.

ತಪ್ಪೆಲ್ಲ ನನ್ನದು ಅನ್ನಿಸುತ್ತಿದೆ. ಅವಳ ಚೀಲದ ಒಳಗೆ ಒಂದು ಕಳ್ಳಜೇಬು ಹೊಲಿದಿದ್ದೇನೆ, ಬೇಜಾರಾದಾಗ ತಿನ್ನಲಿ ಎಂದು ಬಿಸ್ಕತ್ತು ಇಟ್ಟಿದ್ದೆ. ಪುಡಿ ಉದುರಿರಬೇಕು. ಬಿಸ್ಕತ್ತಿಗೆ ಇರುವೆ, ಇರುವೆಗೆ ಮಗು ಓಟ, ಓಟಕ್ಕೆ ಶಾಲೆ ಬಿಡುವುದು, ನೋಡು ಎಲ್ಲಿಂದ ಎಲ್ಲಿಗೆ ಬಂತು. ಜೇಬನ್ನು ಬಿಚ್ಚಿ ಒಗೆದು ಬಿಸಿಲಿಗೆ ಹಾಕು. ಬೆಂಚಿನ ಕಾಲುಗಳನ್ನು ನೀರು ತುಂಬಿದ ಡಬ್ಬಿಯಲ್ಲಿ ಇಡಿಸು. ಗೋಡೆಯ ಬುಡದಲ್ಲಿ ಬಿರುಕಿದ್ದರೆ ಮುಚ್ಚಿಸು. ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಆ ಆಡಿನ ಮಾತು ಓದಿ ಒಬ್ಬಳೇ ನಕ್ಕೆ. ಎದುರು ಅಂಗಡಿಯವಳು "ಯಾಕಕ್ಕಾ, ಲಾಟರಿ ಬಂತಾ?" ಅಂದಳು. ನಮ್ಮ ಮನೆಯ ಹುಡುಗಿ ಒಂದು ಶಾಲೆಯ ಮೆಟ್ಟಿಲುಗಳನ್ನೇ ಕರಗಿಸುತ್ತಿದ್ದಾಳೆ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಕೈಹಿಡಿಯ ಕೆಳಗೆ ಉಬ್ಬು ಇಡಬೇಕೆಂದು ಹೊಳೆಯಬೇಕಾದರೆ ಎಷ್ಟು ಹೊತ್ತು ಕಣ್ಣು ಮುಚ್ಚಿಕೊಂಡು ಆ ಗೋಡೆ ತಡವಿ ನಡೆದಿದ್ದೀಯೋ ಎಂದು ಯೋಚಿಸುತ್ತಿದ್ದೆ.

ಬೋಳು ಕೊಕ್ಕೆಯ ವಿಷಯ ಮಾತ್ರ ಬರೆಯಬಾರದಿತ್ತು. ಈಗ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

ಕೆಂಪೋ ಕಪ್ಪೋ ಬರೆ.

ನಿನ್ನ ಅತ್ತಿಗೆ


ಜುಲೈ 14

ಅತ್ತಿಗೆ,

ಕೆಂಪೂ ಇಲ್ಲ ಕಪ್ಪೂ ಇಲ್ಲ. ಗುಡ್ಡ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ನಾವು ಗುಡ್ಡ ಅಗೆದು ಇಲಿಯನ್ನೂ ಹಿಡಿಯಲಿಲ್ಲ.

ನೀವು ಬರೆದದ್ದೆಲ್ಲ ಮಾಡಿಸಿದೆ. ಬೆಂಚಿನ ಕಾಲಿಗೆ ಆಯಾ ನೀರಿನ ಡಬ್ಬಿ ಇಟ್ಟರು. ಮೊದಲ ದಿನವೇ ಗಣಿತದ ಮೇಷ್ಟ್ರು ಒಂದರಲ್ಲಿ ಕಾಲಿಟ್ಟು ಶೂ ನೆನೆಸಿಕೊಂಡರು. ಬಡಗಿ ಗೋಡೆಯ ಬುಡದ ಬಿರುಕುಗಳಿಗೆಲ್ಲ ಪುಟ್ಟಿ ತುಂಬಿದ. ಇರುವೆಪುಡಿ ಹಾಕಿದೆವು. ಆಯಾ ಮೊಣಕಾಲೂರಿ ಟಾರ್ಚು ಹಿಡಿದು ಹುಡುಕಿ, "ನನ್ನ ಸರ್ವೀಸಲ್ಲಿ ಇಂಥ ಬಡ ಶಾಲೆ ನೋಡಿಲ್ಲಮ್ಮ, ಒಂದ್ ಇರುವೇಗೂ ಗತಿಯಿಲ್ಲ" ಅಂದರು.

ಬುಗುರಿ ಮಾತ್ರ ಒಳಗೆ ಕಾಲಿಡುವುದು, ಕಿವಿ ಮುಚ್ಚುವುದು, "ಇರುವೆ" ಅನ್ನುವುದು, ಹೊರಗೆ ಓಡುವುದು. ವರಾಂಡದಲ್ಲಿ ಕೂರಿಸಿದರೆ ಬಂಗಾರದಂಥ ಮಗು. ಬಾಗಿಲ ಆಚೆಯಿಂದಲೇ ಉತ್ತರ ಹೇಳುತ್ತಾಳೆ, ಒಳಗಿನವರಿಗಿಂತ ಮೊದಲು. ಕರೆಂಟು ಹೋದ ದಿನ ಯಾರೂ ಕರೆಯದೆ ತಾನೇ ಬಂದು ಕೂತಿದ್ದಳು. ಕತ್ತಲಲ್ಲಿ ಇರುವೆ ಕಾಣಲಿಲ್ಲವೇನೋ ಎಂದು ನಕ್ಕೆವು.

ನಗುವ ವಿಷಯವಲ್ಲ, ಗೊತ್ತು. ಶಾಲಾ ಮಂಡಳಿಯ ಕಾರ್ಯದರ್ಶಿ ಬಂದಿದ್ದರು. ನೀರಿನ ಡಬ್ಬಿ, ಪುಟ್ಟಿ, ಪುಡಿ ನೋಡಿ ದೊಡ್ಡ ಟೀಚರಿಗೆ ಹೇಳಿದರು, "ಸುಮ್ನೆ ಇರಲಾರದೆ ಇರುವೆ ಬಿಟ್ಕೊಂಡ್ರು ಅನ್ನೋ ಗಾದೆ ಕೇಳಿದ್ದೆ ಮೇಡಂ, ಇವತ್ತು ಕಣ್ಣಾರೆ ನೋಡ್ದೆ. ರಜೆ ತನಕ ಅಂತ ತಾನೆ ಮಾತಾಗಿದ್ದು?" ದೊಡ್ಡ ಟೀಚರ್ ಮಾತು ಬದಲಿಸುವವರೂ ಅಲ್ಲ, ಮಾತು ತಪ್ಪುವವರೂ ಅಲ್ಲ. ಅದೇ ನನಗೆ ಭಯ.

ಇವತ್ತು ಒಂದು ಗಮನಿಸಿದೆ. ಇರುವೆ ಎಂದರೆ ಯಾರಾದರೂ ಕಾಲು ಎತ್ತುತ್ತಾರೆ. ಬುಗುರಿ ಕಾಲು ಎತ್ತುವುದಿಲ್ಲ ಅತ್ತಿಗೆ. ನೆಲದ ಕಡೆ ನೋಡುವುದೂ ಇಲ್ಲ. ಕಿವಿಯನ್ನೇ ಮುಚ್ಚುತ್ತಾಳೆ. ಇದು ಏನು? ನಿಮಗೆ ಏನಾದರೂ ಹೊಳೆಯುತ್ತದಾ?

ಸೋತು ಕೂತಿರುವ
ಟೇಪಮ್ಮ


ಜುಲೈ 20

ಟೇಪಮ್ಮ,

"ಕಾಲು ಎತ್ತುವುದಿಲ್ಲ" ಎಂಬ ಸಾಲು ಓದಿ ಮಿಷನ್ನಿನಿಂದ ಕಾಲು ತೆಗೆದೆ. ಗಿರಾಕಿ ಎದುರಿಗೆ ನಿಂತಿದ್ದರು, ನಾಳೆ ಬನ್ನಿ ಅಂದೆ.

ಅವಳಿಗೆ ಮೂರು ವರ್ಷವಿದ್ದಾಗ ಕಿವಿಯೊಳಗೆ ಇರುವೆ ಹೊಕ್ಕಿತ್ತು. ನೀನು ಆಗ ಓದಲು ಹಾಸ್ಟೆಲಿನಲ್ಲಿದ್ದೆ, ನಿನಗೆ ಗೊತ್ತಿಲ್ಲ. ನಾವು ಹಲ್ಲು ನೋವೆಂದು ಹಲ್ಲು ನೋಡಿದೆವು, ಹೊಟ್ಟೆ ನೋವೆಂದು ಹೊಟ್ಟೆ ಒತ್ತಿದೆವು. ಕೊನೆಗೆ ನಿನ್ನ ಅಣ್ಣನೇ ಬೆಚ್ಚಗಿನ ಎಣ್ಣೆ ಬಿಟ್ಟರು, ಒಂದು ಚಿಕ್ಕ ಇರುವೆ ತೇಲಿ ಬಂತು. "ಏನಾಗ್ತಿತ್ತೇ ಚಿನ್ನ?" ಎಂದು ಕೇಳಿದರೆ ಮಾತು ಬಾರದ ಮಗು "ಗುಂಯ್‌ಂಯ್" ಅಂತ ತೋರಿಸಿತು. ಅದರ ಕಾಲಿನ ಸದ್ದು ಅವಳಿಗೆ ಅಷ್ಟು ದೊಡ್ಡದಾಗಿ ಕೇಳಿರಬೇಕು.

ಆಮೇಲೆ ಒಂದು ಸಲ ಡಾಕ್ಟರ ಹತ್ತಿರ ಕಾಯುತ್ತಾ ಕೂತಿದ್ದಾಗಲೂ "ಇರುವೆ" ಅಂದು ಅತ್ತಳು. ನಾನು ಕಿವಿಯೊಳಗೆ ಇಣುಕಿ ನೋಡಿದೆ, ಏನೂ ಇರಲಿಲ್ಲ. ಹಟ ಎಂದು ಗದರಿದೆ. ಆ ಕೋಣೆಯಲ್ಲಿ ತಲೆಯ ಮೇಲೆ ಟ್ಯೂಬ್‌ಲೈಟಿತ್ತು. ನಮ್ಮ ಮನೆಯಲ್ಲಿ ಬಲ್ಬು, ಅಂಗಡಿಯಲ್ಲಿ ಕಿಟಕಿ, ನನ್ನದು ಕಾಲಿನ ಮಿಷನ್ನು. ಹಾಗಾಗಿ ಆ ಮಾತೇ ನಮಗೆ ಮರೆತುಹೋಯಿತು. ಅವಳಿಗೆ ಮರೆತಿಲ್ಲ.

ಇರುವೆ ನೆಲದಲ್ಲಿಲ್ಲ ಟೇಪಮ್ಮ. ನಿಮ್ಮ ಟ್ಯೂಬ್‌ಲೈಟಿನಲ್ಲಿದೆ. ಅದರ ಗುಂಯ್ ಅನ್ನುವ ಸದ್ದು. ನಿನಗೆ ಕೇಳುವುದಿಲ್ಲವಾ? ಎಲ್ಲರಿಗೂ ಕೇಳುತ್ತದೆ, ಎಲ್ಲರೂ ತಡೆದುಕೊಂಡು ಕೂರುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ. ನಾನು ಓದುವಾಗಲೂ ಇತ್ತು.

ದೀಪ ಆರಿಸಿ ನೋಡು. ಬೇಗ ನೋಡು. ಆದರೆ ಹಳೆಯ ಸ್ವಿಚ್ಚು, ಒದ್ದೆ ಕೈಯಲ್ಲಿ ಮುಟ್ಟಬೇಡ. ಆ ನೀರಿನ ಡಬ್ಬಿಗಳನ್ನು ಮೊದಲು ತೆಗೆಸು, ಕರೆಂಟಿಗೂ ನೀರಿಗೂ ಆಗದು.

ನಿನ್ನ ಅತ್ತಿಗೆ


ಆಗಸ್ಟ್ 4

ಅತ್ತಿಗೆ,

ನಿಮ್ಮ ಕಾಗದ ಜೇಬಿನಲ್ಲಿಟ್ಟುಕೊಂಡೇ ಹೋಗಿ ಸ್ವಿಚ್ಚು ಆರಿಸಿದೆ. ಬುಗುರಿ ವರಾಂಡದಲ್ಲಿ ಬೆನ್ನು ಹಾಕಿ ಕೂತಿದ್ದಳು. ಕೈ ಮೆಲ್ಲಗೆ ಕಿವಿಯಿಂದ ಇಳಿಯಿತು. ತಲೆ ತಿರುಗಿಸಿದಳು. ಎದ್ದು ಬಾಗಿಲ ಹತ್ತಿರ ನಿಂತು, ನೆಂಟರ ಮನೆಗೆ ಬಂದವರ ಹಾಗೆ ಒಂದು ಸಲ ಎಲ್ಲ ಕಡೆ ನೋಡಿ, ಒಳಗೆ ಬಂದು ಕೂತಳು. "ಇರುವೆ ಮಲಕೊಂಡ್ತು" ಅಂದಳು.

ದೊಡ್ಡ ಟೀಚರಿಗೆ ನಂಬಿಕೆ ಬರಲಿಲ್ಲ. ಅವರು ಯಾವುದನ್ನೂ ಹಾಗೇ ನಂಬುವವರಲ್ಲ, ಅದು ಅವರಲ್ಲಿ ನನಗೆ ಇಷ್ಟ. "ನಂಗೇನೂ ಕೇಳಿಸ್ತಿಲ್ವಲ್ಲ. ನಿಂಗೆ?" ಅಂದರು. ನನಗೂ ಇಲ್ಲ. ಇಷ್ಟು ವರ್ಷ ಕಟ್ಟಡಗಳಲ್ಲೇ ಓಡಾಡಿದವಳು, ನನ್ನ ಕಿವಿಗೆ ಬೀಳದ್ದು ಇಲ್ಲವೇ ಇಲ್ಲ ಅಂದುಕೊಂಡಿದ್ದೆ. ಆಮೇಲೆ ಪರೀಕ್ಷೆ ಮಾಡಿದರು. ಮಗು ಹೊರಗೆ, ಕಣ್ಣಿಗೆ ಬೆಳಕು ಬೀಳದ ಹಾಗೆ ಗೋಡೆಯ ಕಡೆ ತಿರುಗಿ ನಿಂತಿತ್ತು. ಒಳಗೆ ಆಯಾ ಸ್ವಿಚ್ಚು ಒಮ್ಮೆ ಹಾಕಿದಂತೆ ಸುಮ್ಮನೆ ಟಕ್ ಅನ್ನಿಸುವುದು, ಒಮ್ಮೆ ನಿಜವಾಗಿ ಹಾಕುವುದು. ಬುಗುರಿ ಒಂದು ಸಲವೂ ತಪ್ಪಲಿಲ್ಲ. "ಎದ್ತು." "ಮಲಕೊಂಡ್ತು." "ಸುಮ್ನೆ ಟಕ್ ಅಂದ್ರಿ." ಮೂರನೆಯದನ್ನು ಕೇಳಿ ದೊಡ್ಡ ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅವಳ ಎದುರು ಕೂತು, "ನಾವೆಲ್ಲ ನೆಲದಲ್ಲಿ ಹುಡುಕ್ತಿದ್ವಿ ಮರಿ. ನೀನು ಸರಿಯಾಗೇ ಹೇಳಿದ್ದೆ" ಅಂದರು.

ಟ್ಯೂಬಿನ ಹಿಂದೆ ಚೋಕು ಎಂಬ ಡಬ್ಬಿ ಇರುತ್ತದೆ, ಹಳತಾದರೆ ಅದು ಗುಂಯ್‌ಗುಟ್ಟುತ್ತದೆ. ಎಲ್ಲವನ್ನೂ ಕಳಚಿ ಸದ್ದಿಲ್ಲದ ದೀಪ ಹಾಕಿಸಬೇಕು. "ಒಂದು ಮಗುವಿಗೋಸ್ಕರವಾ?" ಎಂದು ಕಾರ್ಯದರ್ಶಿ ಕೇಳಿದರು. ದೊಡ್ಡ ಟೀಚರ್ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಹೌದು. ಸುಮ್ನೆ ಇರಲಾರದೆ ಇರುವೆ ಬಿಟ್ಕೊಂಡಿದೀನಿ. ಈಗ ಅದು ಎಲ್ಲೆಲ್ಲಿ ಹರಿಯುತ್ತೋ ಅಲ್ಲೆಲ್ಲ ಸರಿಮಾಡ್ತೀನಿ." ಹಲಗೆ ತೆಗೆಸಿ ಕಿಟಕಿ ಬೆಳಕಿನಲ್ಲೇ ಈಗ ಪಾಠ ನಡೆಯುತ್ತಿದೆ. ದಿನಾ ತಲೆನೋವೆಂದು ಮಲಗುತ್ತಿದ್ದ ಒಬ್ಬ ಹುಡುಗ ಈ ವಾರ ಮಲಗಿಲ್ಲ. ಸಂಜೆ ಅದೇ ಕೋಣೆಯಲ್ಲಿ ದೊಡ್ಡವರ ಪಾಠ ನಡೆಯುತ್ತದೆ, ಅರ್ಧಕ್ಕೆ ಓದು ಬಿಟ್ಟವರಿಗೆ. ಬೇಕರಿಯವನು, ಆಸ್ಪತ್ರೆಯ ಗುಡಿಸುವಾಕೆ, ಹೀಗೆ. ಲಾಂದ್ರ ತರಹದ ದೀಪ ಇಟ್ಟುಕೊಂಡು ಓದುತ್ತಿದ್ದಾರೆ. ಅವರಿಗೂ ಹಾಯಾಗಿದೆಯಂತೆ.

ಇನ್ನು ಉಳಿದದ್ದು ಚಾವಣಿಯ ಪ್ರತಿಧ್ವನಿ. ಗೋಡೆಗೆ ಮೆತ್ತನೆಯ ಹಲಗೆ ಹಾಕುತ್ತಿದ್ದೇನೆ, ಜೊತೆಗೆ ದಪ್ಪ ಪರದೆಗಳು ಬೇಕು. ಅಳತೆ ಹಿಂದಿನ ಪುಟದಲ್ಲಿದೆ. ಹೊಲಿಯುವವರು ಯಾರೆಂದು ದೊಡ್ಡ ಟೀಚರ್ ಕೇಳಿದರು. ಸದ್ದಿನ ವಿಷಯ ಚೆನ್ನಾಗಿ ಬಲ್ಲವರೊಬ್ಬರಿದ್ದಾರೆ ಅಂದೆ. ನೀವೇ ತಂದು ನೇತುಹಾಕಿ.

ಅತ್ತಿಗೆ, "ನಾನು ಓದುವಾಗಲೂ ಇತ್ತು" ಎಂದು ಬರೆದಿರಲ್ಲ. ಅದನ್ನು ಮತ್ತೆ ಮತ್ತೆ ಓದಿದೆ.

ನಿಮ್ಮ
ಟೇಪಮ್ಮ


ಆಗಸ್ಟ್ 23

ಟೇಪಮ್ಮ,

ಪರದೆಗೆ ಎರಡು ಪದರ ಸಾಲದು, ನಡುವೆ ಒಂದು ಉಣ್ಣೆಯ ಪದರ ಹಾಕಿದ್ದೇನೆ. ಕಬ್ಬಿಣದ ಉಂಗುರ ಹಾಕಿದರೆ ಎಳೆದಾಗಲೆಲ್ಲ ಕರ್ರ್ ಅನ್ನುತ್ತದೆ, ಒಂದು ಇರುವೆ ಓಡಿಸಿ ಇನ್ನೊಂದನ್ನು ಕರೆದ ಹಾಗಾಗುತ್ತದೆ. ಅದಕ್ಕೆ ಬಟ್ಟೆಯದ್ದೇ ಕುಣಿಕೆ ಮಾಡಿದೆ. ಬಣ್ಣ ಬೂದು, ಹೂವು ಗೀರು ಏನೂ ಇಲ್ಲ. ಕಣ್ಣಿಗೂ ಗದ್ದಲ ಬೇಡ. ಕೆಳ ಅಂಚಿನಲ್ಲಿ ಕೈ ಆಡಿಸಲು ಒಂದು ಸಾಲು ದಪ್ಪ ಹೊಲಿಗೆ ಬಿಟ್ಟಿದ್ದೇನೆ. ಯಾರಿಗಾದರೂ ಕೈ ಸುಮ್ಮನಿರದಿದ್ದರೆ ಅದನ್ನು ಹಿಡಿದುಕೊಳ್ಳಲಿ.

ನಿಮ್ಮ ದೊಡ್ಡ ಟೀಚರ್ ಮಗುವಿನ ಎದುರು ಕೂತು "ನೀನು ಸರಿಯಾಗೇ ಹೇಳಿದ್ದೆ" ಅಂದರಲ್ಲ. ಒಬ್ಬ ಟೀಚರ್ ಹಾಗೂ ಅನ್ನಬಹುದೆಂದು ನನಗೆ ಗೊತ್ತಿರಲಿಲ್ಲ. ನಿನ್ನ ಅಣ್ಣನಿಗೆ ಆ ಭಾಗವನ್ನು ಓದಿ ಹೇಳಿದೆ. ಅವರು ಬಸ್ಸಿನ ಕೀಲಿ ಕೈಯಲ್ಲಿ ತಿರುಗಿಸುತ್ತಿದ್ದರು. ಆಮೇಲೆ "ಇನ್ನೊಂದ್ಸಲ ಓದು" ಅಂದರು.

ಪರದೆಗಳನ್ನು ಅವರ ಬಸ್ಸಿನಲ್ಲೇ ಕಳಿಸುತ್ತೇನೆ. ನನಗೆ ಬರಲಾಗುವುದಿಲ್ಲ. ಅಂಗಡಿಯಲ್ಲಿ ಕೆಲಸ ಬಹಳ. ಸೊಂಟವೂ ಸರಿಯಿಲ್ಲ. ಹೊಸ ದೀಪ ಹಾಕಿಸುವವರೆಗೆ ಹಳೆಯದನ್ನು ಮರೆತು ಯಾರೂ ಹಾಕದ ಹಾಗೆ ಸ್ವಿಚ್ಚಿನ ಮೇಲೆ ಟೇಪು ಅಂಟಿಸು. ರಜೆ ಹತ್ತಿರ ಬರುತ್ತಿದೆ, ಕೊಕ್ಕೆಯ ವಿಷಯ ಏನಾಯಿತು? ಕೇಳಬಾರದೆಂದಿದ್ದೆ, ಕೇಳಿದೆ.

ನಿನ್ನ ಅತ್ತಿಗೆ


ಸೆಪ್ಟೆಂಬರ್ 15

ಅತ್ತಿಗೆ,

ಪರದೆಗಳು ಬಂದವು. ಬಡಗಿ ಮತ್ತು ಅಣ್ಣ ಸೇರಿ ಏರಿಸಿದರು. ಅಣ್ಣ ಬಸ್ಸಿಗಿಂತ ಏಣಿಯನ್ನು ನಿಧಾನವಾಗಿ ಓಡಿಸುತ್ತಾನೆ. ಹೊಸ ದೀಪಗಳನ್ನು ಮುಂದಿನಿಂದ ಒಂದೊಂದೇ ಸಾಲು ಹಾಕುತ್ತಾ ಬರುತ್ತಿದ್ದಾರೆ.

ಪರದೆ ಬಿಡುತ್ತಿದ್ದಂತೆ ಕೋಣೆಯ ಸದ್ದು ಕಂಬಳಿ ಹೊದ್ದು ಕೂತ ಹಾಗಾಯಿತು. ಬುಗುರಿ ಅಂಚು ಹಿಡಿದು ಬೆರಳಾಡಿಸಿದಳು. ದಪ್ಪ ಹೊಲಿಗೆ ಸಿಕ್ಕಿತು. ಅದನ್ನು ಕೆನ್ನೆಗೆ ಒತ್ತಿಕೊಂಡು "ಅಮ್ಮ" ಅಂದಳು. ನಿಮ್ಮದೆಂದು ನಾವು ಯಾರೂ ಹೇಳಿರಲಿಲ್ಲ.

ಒಂದು ಪರದೆ ಮಾತ್ರ ಕೈಯುದ್ದ ಗಿಡ್ಡವಾಗಿದೆ. ಅಳತೆ ಕೊಟ್ಟವಳು ನಾನೇ, ತಪ್ಪಿರಬೇಕು. ಇಲ್ಲಿನ ದರ್ಜಿಗೆ ಆ ಮೂರು ಪದರದ ಹೊಲಿಗೆ ಬಾರದು. ಅದನ್ನು ಕಳಿಸಿದರೆ ಕಿಟಕಿ ಬೋಳಾಗುತ್ತದೆ. ನೀವೇ ಬಂದು ಕೆಳಗೊಂದು ಪಟ್ಟಿ ಸೇರಿಸಬೇಕು. ರಜೆಗೆ ಮುಂಚೆ ಬನ್ನಿ. ಗಟ್ಟಿ ಚಪ್ಪಲಿ ಹಾಕಿಕೊಂಡು ಬನ್ನಿ.

ಅಳತೆ ತಪ್ಪಿದ
ಟೇಪಮ್ಮ


ಅಕ್ಟೋಬರ್ 11

ಟೇಪಮ್ಮ,

ಊರು ತಲುಪಿದೆ. ಬಸ್ಸಿನಲ್ಲಿ ತೊಂದರೆಯಾಗಲಿಲ್ಲ, ಡ್ರೈವರು ಪರಿಚಯದವರು.

ನಿನ್ನ ಮುಂದೆ ಹೇಳಲಾಗದೆ ಬಂದದ್ದನ್ನು ಈಗ ಬರೆಯುತ್ತೇನೆ. ಗೇಟಿನ ಹತ್ತಿರ ನಾನು ಅಷ್ಟು ಹೊತ್ತು ಚೀಲದಲ್ಲಿ ಹುಡುಕಿದ್ದು ಏನನ್ನೂ ಅಲ್ಲ. ಕಾಲು ಬರುತ್ತಿರಲಿಲ್ಲ. ಆಗ ಆ ಗಾಲಿಕುರ್ಚಿಯ ಹುಡುಗಿ ನಿನ್ನ ಇಳಿಜಾರಿನಲ್ಲಿ ಸರ್ರೆಂದು ಬಂದು, "ಒಳಗೆ ಬರ್ತೀರಾ ಆಂಟಿ? ದಾರಿ ಬಿಡಿ ಇಲ್ಲಾಂದ್ರೆ" ಅಂದಳು. ದಾರಿ ಬಿಡಲು ಹೋಗಿ ಒಳಗೇ ಬಂದುಬಿಟ್ಟೆ.

ಆಮೇಲೆ ಗೋಡೆಯ ಕೈಹಿಡಿ ಹಿಡಿದೆ. ಕಣ್ಣು ಕಾಣುವವಳು ಅದನ್ನು ಹಿಡಿದದ್ದಕ್ಕೆ ಯಾರೂ ನಗಲಿಲ್ಲ. ಉಬ್ಬು ಸಿಕ್ಕಿದ ಕಡೆ ನಿಂತೆ, ಬಾಗಿಲಿತ್ತು. ನೀನು ಕಾಗದದಲ್ಲಿ ಬರೆದದ್ದೆಲ್ಲ ಒಂದೊಂದಾಗಿ ಕೈಗೆ ಸಿಗುತ್ತಾ ಬಂತು. ನಾನು ಬಟ್ಟೆ ಹೊಲಿದು ನಾಲ್ಕು ಜನಕ್ಕೆ ತೊಡಿಸುತ್ತೇನೆ. ನೀನು ಕಟ್ಟಡವನ್ನೇ ಒಬ್ಬೊಬ್ಬ ಮಗುವಿನ ಅಳತೆಗೆ ಹೊಲಿದಿದ್ದೀಯ. ಎದುರಿಗೆ ಹೊಗಳಿದರೆ "ಸಾಕು ಬಿಡಿ ಅತ್ತಿಗೆ" ಅನ್ನುತ್ತೀಯ, ಕಾಗದದಲ್ಲಿ ನನ್ನ ಬಾಯಿ ಮುಚ್ಚಿಸಲಾರೆ.

ಬುಗುರಿ ನಡುವಿನ ಬೆಂಚಿನಲ್ಲಿ ಕೂತಿದ್ದಳು. ನನ್ನನ್ನು ನೋಡಿದಳು, ನಕ್ಕಳು, ಮತ್ತೆ ಬೋರ್ಡಿನ ಕಡೆ ತಿರುಗಿದಳು. ಓಡಿ ಬಂದು ತಬ್ಬಿಕೊಳ್ಳಲಿಲ್ಲ. ನನ್ನ ಮಗಳಿಗೆ ನನಗಿಂತ ಪಾಠ ಹೆಚ್ಚಾಯಿತಲ್ಲ ಎಂದು ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಬಡಗಿ ನನ್ನನ್ನು ಕರೆದು ಕೊಕ್ಕೆ ತೋರಿಸಿದ. ಬುಗುರಿ ಕೆತ್ತಿದ್ದ. ಅದರ ಮೇಲೆ ದಾರ ಸುತ್ತಿದ ಗೆರೆಗಳೂ ಇದ್ದವು. ಬದಿಯಲ್ಲಿ ಬೆರಳಿಗೆ ಮಾತ್ರ ಸಿಗುವಷ್ಟು ಚಿಕ್ಕದು ಇನ್ನೇನೋ ಇತ್ತು. "ಅದು ಇರುವೆ ಕಣಮ್ಮಾ. ದೊಡ್ಡ ಟೀಚರೇ ಕೆತ್ತು ಅಂದ್ರು" ಅಂದ. ದೊಡ್ಡ ಟೀಚರ್ ಆಗ ಬಂದು, "ರಜೆ ಮುಗಿದ ದಿನ ತಡ ಮಾಡದೆ ಕಳಿಸಿ" ಅಂದರಷ್ಟೆ. ನಾನು ಕೈ ಮುಗಿಯಬೇಕಿತ್ತು, ಹೂಂ ಅಂದೆ.

ಮಕ್ಕಳೆಲ್ಲ ಹೋದ ಮೇಲೆ ಪರದೆ ಇಳಿಸಿ ಅಳೆದೆ. ನೀನು ಕೊಟ್ಟಿದ್ದ ಅಳತೆಗೂ ಕಿಟಕಿಗೂ ಸರಿಯಾಗಿ ಒಂದು ಕೈ ವ್ಯತ್ಯಾಸ. ಉಳಿದ ಯಾವುದರಲ್ಲೂ ಒಂದು ದಾರದಷ್ಟೂ ಇಲ್ಲ. ಇಳಿಜಾರು ಸ್ವಲ್ಪ ಕಡಿದಾಯಿತೆಂದು ಒಡೆಸಿದವಳು ನೀನು. ನಾನು ದಡ್ಡಿಯಿರಬಹುದು ಟೇಪಮ್ಮ, ದರ್ಜಿ ಕೂಡ ಹೌದು.

ಪಟ್ಟಿ ಹೊಲಿದು ಮುಗಿಸಿ ಆ ಬೆಂಚಿನಲ್ಲಿ ಕೂತೆ. ನೀನು ಮೇಸ್ತ್ರಿಯ ಹತ್ತಿರ ಹೋಗಿದ್ದೆ. ಸಂಜೆಯಾಗುತ್ತಿತ್ತು, ಆಯಾ ಬಂದು ಮುಂದಿನ ದೀಪ ಹಾಕಿದರು. ನಾನು ಕಾದೆ. ಕುತ್ತಿಗೆ ಬಿಗಿ ಹಿಡಿದು ಕಾದೆ, ಈಗ ಶುರುವಾಗುತ್ತದೆ ಎಂದು. ಶುರುವಾಗಲಿಲ್ಲ. ಬೆಳಕು ಬಂತು, ಗುಂಯ್ ಬರಲಿಲ್ಲ. ಹೊರಗೆ ಯಾರೋ ಬಕೆಟ್ಟು ಇಟ್ಟದ್ದು ಕೇಳಿತು. ಬೋರ್ಡಿನ ಮೇಲೆ ಉಳಿದಿದ್ದ ಒಂದು ಸಾಲನ್ನು ಓದಿದೆ, ಮೊದಲಿಂದ ಕೊನೆಯವರೆಗೆ, ನಡುವೆ ಕಳೆದುಹೋಗದೆ. ಚಿಕ್ಕವಳಿದ್ದಾಗ ನನಗೆ ಸಾಲಿನ ಮೊದಲ ಮಾತು ಸಿಗುತ್ತಿತ್ತು, ಕೊನೆಯದು ಸಿಗುತ್ತಿರಲಿಲ್ಲ. ನಡುವೆ ಅದೇ ಸದ್ದು. ಓದು ತಲೆಗೆ ಹತ್ತುವುದಿಲ್ಲ ಎಂದು ಮೇಷ್ಟ್ರು ಮನೆಗೆ ಹೇಳಿ ಕಳಿಸಿದರು, ಮನೆಯವರು ನಂಬಿದರು, ನಾನೂ ನಂಬಿದೆ. ಹತ್ತುತ್ತಿತ್ತೋ ಏನೋ. ದಾರಿಯಲ್ಲಿ ಇರುವೆ ಇತ್ತು. "ನಾನು ಓದುವಾಗಲೂ ಇತ್ತು" ಅಂದದ್ದನ್ನು ಮತ್ತೆ ಮತ್ತೆ ಓದಿದೆ ಎಂದು ನೀನು ಬರೆದಿದ್ದೆಯಲ್ಲ, ಅದಕ್ಕೆ ಉತ್ತರ ಇದು, ತಡವಾಗಿ.

ಅಂಗಡಿಯ ಕರಾರು ವರ್ಷದ ಕೊನೆಗೆ ಮುಗಿಯುತ್ತದೆ. ಮಿಷನ್ನನ್ನು ಬಸ್ಸಿನ ಮೇಲೆ ಕಟ್ಟಿಕೊಂಡು ಬರಬಹುದು, ನಿನ್ನ ಬೀದಿಯಲ್ಲೂ ಜನ ಬಟ್ಟೆ ತೊಡುತ್ತಾರೆ ತಾನೆ ಎಂದು ನಿನ್ನ ಅಣ್ಣನೇ ಅಂದರು. ಅಲ್ಲಿ ಮನೆ ಸಿಗುತ್ತದೋ ಇಲ್ಲವೋ, ಗಿರಾಕಿ ಬರುತ್ತಾರೋ ಇಲ್ಲವೋ, ಮಿಷನ್ನು ಬಸ್ಸಿನಿಂದ ಬಿದ್ದರೆ ಏನು ಗತಿ, ಇದೆಲ್ಲ ಇದ್ದೇ ಇದೆ. ಅದನ್ನು ಬೇರೆ ಕಾಗದದಲ್ಲಿ ಬರೆದು ನಿನ್ನ ತಲೆ ತಿನ್ನುತ್ತೇನೆ.

ಈಗ ಒಂದೇ ಒಂದು ವಿಷಯ. ಸಂಜೆ ದೊಡ್ಡವರ ಪಾಠಕ್ಕೆ ಹೊಸಬರು ಬಂದರೆ ಹಿಂದಿನ ಸಾಲಿನಲ್ಲಿ ಕೂರಬೇಕಂತೆ, ಬೇಕರಿಯವನು ಹೇಳಿದ. ನಾನು ಕೂತಿದ್ದಾಗ ಆಯಾ ಮುಂದಿನ ದೀಪ ಮಾತ್ರ ಹಾಕಿದ್ದರು, ಹಿಂದಿನದು ಹಾಕಲಿಲ್ಲ. ಅದನ್ನೂ ಬದಲಿಸಿದ್ದಾರಾ? ಬದಲಿಸಿದ್ದಾರೆ ಅಂತ ನೀನು ಅನ್ನುತ್ತೀಯ, ಗೊತ್ತು. ಆದರೂ ಬುಗುರಿಯನ್ನು ಕರೆದುಕೊಂಡು ಹೋಗಿ ಅದರ ಕೆಳಗೆ ನಿಲ್ಲಿಸಿ, ದೀಪ ಹಾಕಿ, ಇರುವೆ ಮಲಗಿದೆಯಾ ಎಂದು ಇನ್ನೊಂದು ಸಲ ಕೇಳಿ ಬರೆ.

ನಿನ್ನ ಅತ್ತಿಗೆ